ಬೇಕರಿ ಎದುರಿನ ಕಿಟಕಿ

ತಾಹೇರಾ ತೀರಿಕೊಂಡು ನಲವತ್ತು ದಿನವಾಯಿತು. ಮನೆಯಲ್ಲಿ ಕೂತೇ ದೂರದೇಶದ ಆಸ್ಪತ್ರೆ, ಶಾಲೆಗಳಿಗೆ ಕೆಲಸ ಮಾಡಿಕೊಡುವ ಸ್ವಯಂಸೇವಕರ ನಮ್ಮ ವೆಬ್‌ಸೈಟ್ ಹೇಗೆ ಶುರುವಾಯಿತೆಂದು ಜನ ಕೇಳುತ್ತಾರೆ. ಶುರುವಾದದ್ದು ಜೋಗುಪಾಳ್ಯದ ಒಂದು ಕಬ್ಬಿಣದ ಸುತ್ತುಮೆಟ್ಟಿಲಿನ ದೆಸೆಯಿಂದ.

ಗರುಡಾಚಾರ್‌ಪಾಳ್ಯದ ಪಂಪ್ ಕಾರ್ಖಾನೆಯಲ್ಲಿ ತಾಹೇರಾ ಮತ್ತು ನಾನು ನಕ್ಷೆ ಬಿಡಿಸುತ್ತಿದ್ದೆವು. 2012ರ ಬಸ್ ಅಪಘಾತದಲ್ಲಿ ಅವಳ ಕಾಲುಗಳು ಹೋದವು. ಅವಳ ಮನೆ ಎರಡನೇ ಮಹಡಿ. ಆ ಮೆಟ್ಟಿಲಿನ ತಿರುವಿನಲ್ಲಿ ಗಾಲಿಕುರ್ಚಿ ಹಿಡಿಸುತ್ತಿರಲಿಲ್ಲ. ಆಸ್ಪತ್ರೆಗೆಂದು ಅಪರೂಪಕ್ಕೆ ಅಣ್ಣ ಅಮೀರ್ ಬೆನ್ನಿಗೆ ಕಟ್ಟಿಕೊಂಡು ಇಳಿಸುತ್ತಿದ್ದ.

ವಿದೇಶಕ್ಕೆ ಸ್ವಯಂಸೇವಕರನ್ನು ಕಳಿಸುವ ಸಂಸ್ಥೆಯೊಂದಕ್ಕೆ ಅರ್ಜಿ ಹಾಕಿದಳು. ವೈದ್ಯರ ಪ್ರಮಾಣಪತ್ರ ನೋಡಿ ಬೇಡವೆಂದರು. ಆಮೇಲೆ ತಾನೇ ಆಫ್ರಿಕದ ಮಲಾವಿಯ ಹಳ್ಳಿ ಆಸ್ಪತ್ರೆಯೊಂದಕ್ಕೆ ಬರೆದಳು: ಅಲ್ಲಿಗೆ ಬರದೆ ಮಾಡಬಹುದಾದ ಕೆಲಸ ಏನಾದರೂ ಇದೆಯೇ? ಅಲ್ಲಿನ ನರ್ಸ್ ಚಿಸೋಮೋ ಕೆಟ್ಟುನಿಂತ ಕೈಪಂಪಿನ ಫೋಟೊ ಕಳಿಸಿದಳು. ಅದನ್ನು ಬಿಚ್ಚಿ ಜೋಡಿಸುವ ಕ್ರಮವನ್ನು ತಾಹೇರಾ ಹನ್ನೊಂದು ಚಿತ್ರಗಳಲ್ಲಿ ಬಿಡಿಸಿ ಕಳಿಸಿದಳು. ನೀರು ಬಂತು. ಬೇರೆ ಊರುಗಳಿಂದಲೂ ಕೆಲಸ ಬರತೊಡಗಿದಾಗ ನಾನು ಸೇರಿದೆ, ಇನ್ನಷ್ಟು ಜನ ಸೇರಿದರು, ವೆಬ್‌ಸೈಟ್ ಆಯಿತು. ಸೇರುವವರಿಗೆ ಅವಳು ಬರೆದಿಟ್ಟ ಮೊದಲ ಪ್ರಶ್ನೆ: ದಿನಕ್ಕೆ ಎಷ್ಟು ಹೊತ್ತು ಕೂರಬಲ್ಲಿರಿ?

ತನ್ನ ಕಾಲಿನ ವಿಷಯ ಮಾತ್ರ ಕೆಲಸ ಕೊಟ್ಟವರಾರಿಗೂ ಹೇಳಲಿಲ್ಲ. ಮತ್ತೆ ಬೇಡವೆಂದಾರೆಂಬ ಭಯ. ವಿಡಿಯೊ ಕಾಲ್ ಎಂದರೆ ಪ್ರಯಾಣದಲ್ಲಿದ್ದೇನೆ ಎನ್ನುತ್ತಿದ್ದಳು.

2019ರಲ್ಲಿ ಚಿಸೋಮೋ ತರಬೇತಿಗೆಂದು ಬೆಂಗಳೂರಿಗೆ ಬಂದಳು.

"ಊರಲ್ಲಿಲ್ಲ ಅಂತ ಹೇಳ್ಬಿಡು," ಎಂದಳು ತಾಹೇರಾ.

"ನಿನ್ನ ನೋಡ್ಲೇಬೇಕು ಅಂತಿದಾಳೆ ಕಣೇ. ಮೇಲಕ್ಕೆ ಕರ್ಕೊಂಡ್ ಬರ್ತೀನಿ."

"ಬೇಡ. ಎದುರಿನ ಬೇಕರಿಗೆ ಕರ್ಕೊಂಡ್ ಬಾ. ಇಲ್ಲಿಂದ್ಲೇ ನೋಡ್ತೀನಿ. ಅಷ್ಟು ಸಾಕು."

ಬೇಕರಿ ಮುಂದೆ ಕೂತು ಚಿಸೋಮೋ ದಿಲ್‌ಪಸಂದ್ ತಿನ್ನುತ್ತಾ, "ನಿಮ್ಮ ಗೆಳತಿ ಒಂದು ಕಡೆ ನಿಲ್ಲೋದೇ ಇಲ್ಲ, ಅಲ್ವಾ?" ಎಂದು ಇಂಗ್ಲಿಷಿನಲ್ಲಿ ಕೇಳಿ ನಕ್ಕಳು. ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು.

"ಯಮುನಾ, ಬರೀ ಬೆನ್ನು ಕಾಣ್ತಿದೆ. ಈ ಕಡೆ ತಿರುಗ್ಸೇ ಮಹರಾಯ್ತಿ!"

ಬಿಸಿಲಿನ ನೆಪ ಹೇಳಿ ಚಿಸೋಮೋಳ ಜಾಗ ಬದಲಿಸಿದೆ. ತಲೆಯೆತ್ತಿ ಆ ಕಿಟಕಿಯತ್ತ ಒಮ್ಮೆ ಬೆರಳು ತೋರಿಸಿದ್ದರೆ ಮುಗಿಯುತ್ತಿತ್ತು. ತಾಹೇರಾಗೆ ಮಾತು ಕೊಟ್ಟಿದ್ದೆ, ತೋರಿಸಲಿಲ್ಲ.

ಸಂಜೆ ಮೇಲೆ ಹೋದಾಗ ತಾಹೇರಾ, "ನಕ್ಕಾಗ ಹಲ್ಲಿನ ಸಂದು ಕಾಣುತ್ತೆ ಅವಳದು," ಎಂದಷ್ಟೇ ಹೇಳಿ ಲ್ಯಾಪ್‌ಟಾಪ್ ತೆರೆದಳು.

ಸಾವಿನ ಸುದ್ದಿ ತಿಳಿದು ಹೋದ ವಾರ ಚಿಸೋಮೋ ಬರೆದಿದ್ದಾಳೆ: ಕೊನೆಗೆ ತಾಹೇರಾ ಯಾವ ಊರಿನಲ್ಲಿದ್ದಳು? ಇವತ್ತು ಬರೆದೆ: ನೀವು ಕೂತಿದ್ದ ಬೇಕರಿಯ ಎದುರು, ಎರಡನೇ ಮಹಡಿ, ಹಸಿರು ಕಿಟಕಿ. ಅವತ್ತೂ ಅಲ್ಲೇ ಇದ್ದಳು. ನೀವು ನಕ್ಕದ್ದನ್ನು ನೋಡಿದ್ದಾಳೆ.