ಬಗ್ಗಡದ ಗುಂಡಿಗೊಂದು ಕೊಪ್ಪೆ

ಮೋಡ ಕಂಡರೆ ನನಗೆ ಹೆದರಿಕೆ. ಈ ಮಾತನ್ನು ಮಲೆನಾಡಿನವರು ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹಿರಿಯೂರು ಸೀಮೆಯವನು, ಅದರಲ್ಲೂ ಐಮಂಗಲದ ಆಚೆಗಿನ ಕುರಿಹಟ್ಟಿಯವನು ಹೇಳಿದರೆ ಮಾತ್ರ ಎದುರಿಗಿದ್ದವರು ಒಮ್ಮೆ ಮುಖ ನೋಡಿ, ಮೈಯಲ್ಲಿ ಹುಷಾರಿದೆಯೇ ಎಂದು ವಿಚಾರಿಸುತ್ತಾರೆ. ನಮ್ಮಲ್ಲಿ ಅಂಗೈಯಷ್ಟು ಮೋಡ ಬಂದರೂ ಎಲ್ಲರೂ ಕೆಲಸ ಬಿಟ್ಟು ಅಂಗಳಕ್ಕೆ ಬರುತ್ತಾರೆ. ನಾನೂ ಬರುತ್ತೇನೆ. ಅವರು ನೋಡುವುದು ಆಸೆಯಿಂದ, ನಾನು ನೋಡುವುದು ಹೆದರಿಕೆಯಿಂದ. ಹೊರಗಿನಿಂದ ನೋಡಿದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಎಲ್ಲರ ಕತ್ತೂ ಮೇಲಕ್ಕೇ ಇರುತ್ತದೆ.

ಈ ಕಾಯಿಲೆ ನನಗೆ ಹುಟ್ಟಿನಿಂದ ಬಂದದ್ದಲ್ಲ. ಗೋಬರ್ ಗ್ಯಾಸಿನ ಜೊತೆಗೆ ಬಂದದ್ದು. ಸೀಮೆಎಣ್ಣೆಗೆ ಪೇಟೆಯಲ್ಲಿ ಸಾಲು ನಿಂತು ನಿಂತು ನನ್ನ ಹೆಂಡತಿ ಗಂಗಮ್ಮನಿಗೆ ರೋಸಿಹೋಗಿತ್ತು. ಆ ಹೊತ್ತಿಗೆ ನಮ್ಮ ಗ್ರಾಮಸೇವಕರು ಬಂದು, ನಿಮ್ಮ ಕೊಟ್ಟಿಗೆಯ ಸಗಣಿಯಿಂದಲೇ ಒಲೆ ಉರಿಸಬಹುದು ಎಂದರು. ಹಟ್ಟಿಯಲ್ಲಿ ಎಲ್ಲರೂ ನಕ್ಕರು. ನಾನು ನಗಲಿಲ್ಲ, ನಾಲ್ಕು ಅಕ್ಷರ ಓದಿದವನು ಇಂಥ ಕಡೆ ನಗದೆ ಸಿಕ್ಕಿಬೀಳುತ್ತಾನೆ. ಕೊಟ್ಟಿಗೆಯ ಪಕ್ಕ ತೊಟ್ಟಿ ಎದ್ದಿತು, ಅದರ ಮೇಲೆ ಕಬ್ಬಿಣದ ದೊಡ್ಡ ಡ್ರಮ್ಮು ಕೂತಿತು, ಒಲೆಯಲ್ಲಿ ನೀಲಿ ಉರಿ ಬಂತು. ನೋಡಲು ಬಂದವರಿಗೆ ಟೀ ಕಾಸಿಕೊಟ್ಟೇ ಗಂಗಮ್ಮನಿಗೆ ಸಾಕಾಯಿತು. ಸಗಣಿ ವಾಸನೆ ಬರುತ್ತದೇನೋ ಎಂದು ಮೂಸಿ ಮೂಸಿ ಕುಡಿದವರೂ ಇದ್ದರು.

ಗ್ಯಾಸು ಹೋದ ಮೇಲೆ ಉಳಿಯುವ ನೀರು ಸಗಣಿಯೇ ಬಗ್ಗಡ. ತೊಟ್ಟಿಯಿಂದ ಹೊರಗೆ ಹರಿದು ಒಂದು ಗುಂಡಿಯಲ್ಲಿ ತುಂಬಿಕೊಳ್ಳುತ್ತದೆ. ಒಳ್ಳೆಯ ಗೊಬ್ಬರ. ಆದರೆ ಬೇಸಿಗೆಯ ಹೊಲಕ್ಕೆ ಚೆಲ್ಲಿದರೆ ಬಿಸಿಲಿಗೆ ಒಣಗಿ ಹೊಟ್ಟಾಗುತ್ತದೆ, ಮಳೆ ಬಿದ್ದು ಹೊಲ ಹದವಾದ ಮೇಲೆಯೇ ಹಾಕಬೇಕು. ಅಂದರೆ ವರ್ಷದಲ್ಲಿ ಮಳೆ ಯಾವಾಗ ಬರುತ್ತದೋ ಸರಿಯಾಗಿ ಆಗಲೇ ಗುಂಡಿ ಕಂಠಮಟ್ಟ ತುಂಬಿರುತ್ತದೆ. ಹೋಗುವಾಗ ಗ್ರಾಮಸೇವಕರು, “ಗುಂಡಿಗೆ ಮಳೆನೀರು ಬೀಳದಂತೆ ಮೇಲೊಂದು ಹೊದಿಕೆ ಹಾಕಿ. ಇಲ್ಲದಿದ್ದರೆ ತುಂಬಿ ಹರಿಯುತ್ತದೆ” ಎಂದು ಹೇಳಿ ಸೈಕಲ್ ಹತ್ತಿದರು. ಹರಿದರೆ ಎಲ್ಲಿಗೆ ಹರಿಯುತ್ತದೆ ಎಂದು ನಾನು ತಿರುಗಿ ನೋಡಿದ್ದು ಆಗಲೇ. ಇಳಿಜಾರಿನ ತುದಿಯಲ್ಲಿ ಕ್ಯಾತಮ್ಮನ ಬಾವಿ ಇತ್ತು.

ಕ್ಯಾತಮ್ಮ ನಮ್ಮ ಪಕ್ಕದ ಮನೆಯಾಕೆ. ಬಾವಿ ಅವಳ ಗಂಡನ ಕಾಲದಲ್ಲಿ ತೋಡಿದ್ದು. ಸುತ್ತಲಿನ ಬಾವಿಗಳ ನೀರೆಲ್ಲ ಸವಳು, ಬೇಳೆ ಬೇಯುವುದಿಲ್ಲ, ಬಾಯಾರಿಕೆ ಹೋಗುವುದಿಲ್ಲ. ಇದೊಂದು ಮಾತ್ರ ಸಿಹಿ. ಇಡೀ ಹಟ್ಟಿ ಕುಡಿಯುವುದು ಇದನ್ನೇ. ಬೇಸಿಗೆಯಲ್ಲಿ ತಳ ಕಂಡಾಗಲೂ ಕ್ಯಾತಮ್ಮ ಯಾರ ಕೊಡವನ್ನೂ ಬರಿದಾಗಿ ಕಳಿಸಿದವಳಲ್ಲ. ಅಂಥ ಬಾವಿಗೆ ನನ್ನ ಕೊಟ್ಟಿಗೆಯ ಬಗ್ಗಡ ಇಳಿಯುವುದನ್ನು ನೆನೆಸಿಕೊಂಡರೆ ನನಗೆ ಊಟ ರುಚಿಸುತ್ತಿರಲಿಲ್ಲ. ಗುಂಡಿಯನ್ನು ಇನ್ನಷ್ಟು ಆಳ ಮಾಡೋಣವೆಂದರೆ ಕೆಳಗೆ ಬಂಡೆ.

ಹೊದಿಕೆಯ ವಿಷಯದಲ್ಲಿ ನಾವೇನೂ ದಡ್ಡರಲ್ಲ. ಯೋಚಿಸಿ ನೋಡಿದರೆ ಮನುಷ್ಯನ ಅರ್ಧ ಬುದ್ಧಿ ಮುಚ್ಚುವುದರಲ್ಲೇ ಖರ್ಚಾಗಿದೆ. ಹಾಲಿಗೆ ತಟ್ಟೆ, ಬಣವೆಗೆ ಹುಲ್ಲಿನ ತಲೆ. ನೆಲದೊಳಗಿನ ಹಗೇವಿನಲ್ಲಿ ರಾಗಿ ತುಂಬಿ ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಮುಟ್ಟುವುದಿಲ್ಲ. ಕುರಿ ಕಾಯುವವನಂತೂ ಮಳೆ ಬಂದರೆ ಕಂಬಳಿಯನ್ನು ಕೊಪ್ಪೆ ಮಡಿಸಿ ತಲೆಯ ಮೇಲೆ ಹಾಕಿಕೊಂಡು ಕೋಲೂರಿ ನಿಂತುಬಿಡುತ್ತಾನೆ. ಅವನಿಗೆ ಆ ಕೊಪ್ಪೆಯೇ ಮನೆ. ಇಷ್ಟೆಲ್ಲ ಬಲ್ಲವರು ಒಂದು ಗುಂಡಿ ಮುಚ್ಚಲಾರೆವೇ? ನಾನು ಗೂಟ ನೆಟ್ಟೆ, ಬಿದಿರಿನ ಗಳು ಕಟ್ಟಿದೆ. ಪೇಟೆಯ ಗೊಬ್ಬರದ ಖಾಲಿ ಚೀಲಗಳನ್ನು ಬಿಚ್ಚಿ ಗಂಗಮ್ಮ ದಬ್ಬಳದಲ್ಲಿ ಒಂದಕ್ಕೊಂದು ಹೊಲಿದಳು. ಪೇಟೆಯ ಗೊಬ್ಬರದ ಚೀಲ ಮನೆಯ ಗೊಬ್ಬರಕ್ಕೆ ಕೊಡೆ ಹಿಡಿಯುವುದನ್ನು ಕಂಡು ನನಗೇ ನಗು ಬಂತು.

ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ನಮ್ಮ ದೊಡ್ಡಪ್ಪ ಬಂದರು. ಹೆಸರು ಚಿತ್ತಪ್ಪ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೂ ಹಟ್ಟಿಗೂ ಅವರೇ ಹಿರಿಯರು.

“ಏನಪ್ಪ ಇದು?”

“ಮಳೆನೀರು ಬೀಳ್ದಂಗೆ ಹೊದಿಕೆ, ದೊಡ್ಡಪ್ಪ.”

“ಮಳೇನೇ ಬಂದಿಲ್ಲ, ಆಗ್ಲೇ ಅಡ್ಡ ಕಟ್ಟಾಕೆ ಹೊಂಟೀಯ? ತೆಗಿ ತೆಗಿ. ಮೊದ್ಲು ಮಳೆ ಬೀಳ್ಲಿ.”

ನಮ್ಮ ಹಟ್ಟಿಯಲ್ಲಿ ಸೋರದಂತೆ ಮಾಳಿಗೆಗೆ ಚೌಳು ಮಣ್ಣು ಹರಡುವುದೂ ಮೊದಲ ಮಳೆ ಆದ ಮೇಲೆಯೇ. ಆ ಮಳೆ ಮಾಳಿಗೆ ತೂರಿ ಮನೆಯೊಳಗೆ ನಾಲ್ಕು ಹನಿ ಬೀಳಬೇಕು. ಹೆಂಗಸರು ಅದಕ್ಕೆ ಪಾತ್ರೆ ಇಡುತ್ತಾರೆ, ಗೊಣಗುವುದಿಲ್ಲ. ಮಳೆ ಬರುವ ಮುಂಚೆಯೇ ಅದಕ್ಕೆ ಅಡ್ಡ ಹಿಡಿದರೆ ಬಾಗಿಲಿಗೆ ಬರುವ ನೆಂಟನನ್ನು ಕಂಡು ಚಿಲಕ ಹಾಕಿದ ಹಾಗೆ ಎಂದು ನಂಬಿಕೆ. ಗ್ರಾಮಸೇವಕರು ಮಳೆಗೆ ಮುಂಚೆ ಮುಚ್ಚು ಎಂದರು, ದೊಡ್ಡಪ್ಪ ಮಳೆ ಬಂದ ಮೇಲೆ ಮುಚ್ಚು ಎಂದರು. ಇಬ್ಬರ ನಡುವೆ ಸಿಕ್ಕಿದ್ದು ನಾನು, ಮತ್ತು ಏನೂ ಅರಿಯದ ಕ್ಯಾತಮ್ಮನ ಬಾವಿ. ಚೀಲದ ಹೊದಿಕೆಯನ್ನು ಸುತ್ತಿ ಗೋಡೆಗೆ ಒರಗಿಸಿದೆ.

ಅಲ್ಲಿಂದ ಶುರುವಾಯಿತು ನನ್ನ ಆಕಾಶ ನೋಡುವ ಕಾಯಿಲೆ. ಭರಣಿ ಒಣಗಿಕೊಂಡು ಹೋಯಿತು, ಕೃತ್ತಿಕೆಯೂ ಹಾಗೇ. ಹೊಸದುರ್ಗದ ಕಡೆ ಮಾಡದಕೆರೆಯಲ್ಲಿ ನೆಂಟರ ಮದುವೆಗೆ ಹೋಗಿದ್ದೆ. ಪಂಕ್ತಿಯಲ್ಲಿ ಪಾಯಸ ಬಡಿಸುವ ಹೊತ್ತಿಗೆ ಪೂರ್ವದಲ್ಲಿ, ನಮ್ಮ ಹಟ್ಟಿಯ ದಿಕ್ಕಿಗೆ, ಕಪ್ಪಾಯಿತು. ಊಟಕ್ಕೆ ಕುಳಿತವರೆಲ್ಲ ಖುಷಿಯಿಂದ ಕೂಗಿದರು. ನಾನು ಎಲೆ ಬಿಟ್ಟೆದ್ದು ಬಸ್ಸಿಗೆ ಓಡಿದೆ. ಹೆಣ್ಣಿನ ಕಡೆಯವರು ನನಗೆ ಮರ್ಯಾದೆ ಕಡಿಮೆಯಾಯಿತೆಂದು ತಿಳಿದು ಹಿಂದೆಯೇ ಓಡಿಬಂದು ಕೈ ಮುಗಿದರು. ಬಗ್ಗಡದ ಗುಂಡಿಗಾಗಿ ಮದುವೆಯೂಟ ಬಿಟ್ಟೆ ಎಂದು ಯಾವ ಬಾಯಲ್ಲಿ ಹೇಳಲಿ? ಹೊಟ್ಟೆನೋವು ಎಂದೆ. ಹಟ್ಟಿ ತಲುಪಿದಾಗ ಅಲ್ಲಿ ಒಂದು ಹನಿಯೂ ಇರಲಿಲ್ಲ. ಹೊಟ್ಟೆ ಮಾತ್ರ ಹಸಿವಿಗೆ ನಿಜವಾಗಿಯೇ ನೋಯುತ್ತಿತ್ತು.

ಹಟ್ಟಿಯವರು ಮಣ್ಣಿನ ಮಳೆರಾಯನನ್ನು ಮಾಡಿ ಮನೆಮನೆಗೆ ಹೊತ್ತು ತಂದರು. ಗಂಗಮ್ಮ ಮಳೆರಾಯನ ತಲೆಗೆ ನೀರು ಹೊಯ್ದಳು. ನಾನು ಪಕ್ಕದಲ್ಲಿ ಕೈ ಮುಗಿದು ನಿಂತು, ಬಾ ತಂದೆ, ಹೊಲಕ್ಕೆ ಬಾ, ಕೆರೆಗೆ ಬಾ, ನಮ್ಮ ಕೊಟ್ಟಿಗೆಯ ಹಿಂದೆ ಮಾತ್ರ ತುಸು ನಿಧಾನಕ್ಕೆ ಬಾ ಎಂದು ಬೇಡಿಕೊಂಡೆ. ದೇವರಿಗೆ ಇಷ್ಟು ಷರತ್ತು ಹಾಕಿದವನು ಆ ಹಟ್ಟಿಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ಬಿತ್ತನೆಯ ಶೇಂಗಾ ಸುಲಿದು ಕಾದು ಕೂತವರ ನಡುವೆ ಇದನ್ನು ಬಾಯಿಬಿಟ್ಟು ಹೇಳುವಂತೆಯೂ ಇರಲಿಲ್ಲ. ಹೆದರಿಕೆಗಿಂತ ಅದನ್ನು ಮುಚ್ಚಿಟ್ಟುಕೊಳ್ಳುವ ಕಷ್ಟವೇ ದೊಡ್ಡದಾಯಿತು.

ರೋಹಿಣಿಯಲ್ಲಿ ಒಂದು ಮಧ್ಯಾಹ್ನ ಮಳೆ ಬಂತು. ದಪ್ಪ ದಪ್ಪ ಹನಿ, ಮಣ್ಣಿನ ವಾಸನೆ, ಹಟ್ಟಿಯ ತುಂಬ ಕೇಕೆ. ದೊಡ್ಡಪ್ಪ ಹೆಗಲ ಕಂಬಳಿಯನ್ನು ಕೊಪ್ಪೆ ಕೂಡ ಹಾಕಿಕೊಳ್ಳದೆ, ಬರಿತಲೆಯಲ್ಲಿ ಅಂಗಳದ ನಡುವೆ ನಿಂತು ನೆನೆಯುತ್ತಿದ್ದರು. ಮೊದಲ ಹನಿ ಬಿದ್ದಾಯಿತು, ಇನ್ನು ನನಗೆ ಅಡ್ಡಿಯಿಲ್ಲ. ನಾನೂ ಗಂಗಮ್ಮನೂ ಹೊದಿಕೆಯನ್ನು ಗಳುವಿನ ಮೇಲೆ ಎಳೆದು, ಗಾಳಿಯೊಡನೆ ಗುದ್ದಾಡಿ, ನಾಲ್ಕು ಮೂಲೆಗೂ ಹಗ್ಗ ಬಿಗಿದೆವು. ಚೀಲಗಳ ಮೇಲೆ ಮಳೆ ಪಟಪಟ ಬಡಿಯಿತು, ಒಳಗೆ ಒಂದು ಹನಿ ಇಳಿಯಲಿಲ್ಲ. ಗೆದ್ದೆ ಎಂದುಕೊಂಡು ಸೊಂಟದ ಮೇಲೆ ಕೈಯಿಟ್ಟು ನಿಂತೆ.

ಆಗ ಗಂಗಮ್ಮ ನನ್ನ ಕಾಲಿನ ಕಡೆ ಬೆರಳು ತೋರಿಸಿದಳು. ಪಾದದ ಮೇಲೆ ನೀರು ಹರಿಯುತ್ತಿತ್ತು. ಗುಂಡಿಯ ಮೇಲ್ಗಡೆಗೆ ಕುರಿ ಕೂಡುವ ರೊಪ್ಪ. ಕುರಿಗಳು ತುಳಿದು ತುಳಿದು ಆ ನೆಲ ಕಲ್ಲಾಗಿದೆ, ಹನಿ ನೀರನ್ನೂ ಹೀರುವುದಿಲ್ಲ. ಅಲ್ಲಿ ಬಿದ್ದದ್ದಷ್ಟೂ ಹಿಕ್ಕೆಯ ಸಮೇತ ನೆಲ ಹಿಡಿದು ನನ್ನ ಹೊದಿಕೆಯ ಅಡಿಯಲ್ಲಿ ನುಸುಳಿ ನೇರ ಗುಂಡಿಗೆ ಇಳಿಯುತ್ತಿತ್ತು. ಎಷ್ಟೋ ದಿನ ಕತ್ತು ನೋಯುವಂತೆ ಮೇಲೆ ನೋಡಿದ್ದೇನೆ, ಒಂದು ದಿನವೂ ಕೆಳಗೆ ನೋಡಿರಲಿಲ್ಲ. ಬಗ್ಗಡ ಅಂಚಿಗೆ ಬಂದು ನಡುಗುತ್ತಿತ್ತು.

“ದೊಡ್ಡಪ್ಪಾ, ಬಾವಿ!” ಎಂದು ಕಿರುಚಿದೆ. ನೀರು ತಿರುಗಿಸಲು ಗುದ್ದಲಿ ಹಾಕಿದರೆ ಆ ನೆಲದಲ್ಲಿ ಕಿಡಿ ಬಂತೇ ಹೊರತು ಮಣ್ಣು ಬರಲಿಲ್ಲ. ದೊಡ್ಡಪ್ಪ ಓಡಿಬಂದವರೇ ತಮ್ಮ ಕಂಬಳಿಯನ್ನು ಸುರುಳಿ ಸುತ್ತಿ ನೀರಿಗೆ ಅಡ್ಡ ಹಾಕಿದರು. ನೆನೆದ ಉಣ್ಣೆ ಉಬ್ಬಿ ನೆಲಕ್ಕೆ ಕಚ್ಚಿಕೊಂಡಿತು. ಅದು ಸಾಲದು. ಗಂಗಮ್ಮ ಒಳಗಿನಿಂದ ಇನ್ನೊಂದನ್ನು ತಂದಳು, ಹಬ್ಬದಲ್ಲಿ ದೇವರ ಗದ್ದುಗೆಗೆ ಹಾಸುವ ಕಂಬಳಿ. ಕೊಡಲು ಅವಳೂ ಅನುಮಾನಿಸಿದಳು, ತೆಗೆದುಕೊಳ್ಳಲು ನಾನೂ ಅನುಮಾನಿಸಿದೆ. “ತಾರವ್ವ ಇತ್ಲಾಗೆ” ಎಂದು ದೊಡ್ಡಪ್ಪ ಕಸಿದುಕೊಂಡು ಅದನ್ನೂ ಸುತ್ತಿ ಹಾಕಿದರು. ನೀರು ಕಂಬಳಿಗಳನ್ನು ತಳ್ಳಿಕೊಂಡು ಹೋಗದಂತೆ ಒಂದರ ಮೇಲೆ ಅವರು ಕೂತರು, ಇನ್ನೊಂದರ ಮೇಲೆ ನಾನು ಕೂತೆ. ನೀರು ಸ್ವಲ್ಪ ಹೊತ್ತು ನಮ್ಮ ಬೆನ್ನನ್ನು ಗುದ್ದಿ ನೋಡಿ, ಆಮೇಲೆ ಪಕ್ಕಕ್ಕೆ ತಿರುಗಿ ಹೊಲದ ಕಡೆ ಇಳಿಯಿತು.

ನನ್ನ ಕೂಗು ಕೇಳಿ ಕ್ಯಾತಮ್ಮ ಬಾವಿಯ ಕಟ್ಟೆಯ ಮೇಲೆ ಬಂದು ನಿಂತಿದ್ದಳು. ಕೊಡ ಇಳಿಸಿ ಸೇದಿ, ಬೊಗಸೆಯಲ್ಲಿ ಹಿಡಿದು ಮೂಸಿ, ಬಾಯಿಗೆ ಹಾಕಿಕೊಂಡಳು.

“ನೀರು ನೆಟ್ಟಗೈತೆ ಕಣ್ರಪ್ಪೋ! ಅಲ್ಲೇ ಕುಂತ್ಕಳ್ರಿ!” ಎಂದು ಕೂಗಿದಳು.

ಕೂತೆವು. ಮಳೆ ಹೊಯ್ಯುತ್ತಲೇ ಇತ್ತು. ಹೆದರಿಕೆ ಇಳಿದ ಜಾಗದಲ್ಲಿ ನನಗೆ ಸಿಟ್ಟು ಬಂತು.

“ಮೊದ್ಲೇ ಹೊದಿಕೆ ಹಾಕಾಕೆ ಬಿಟ್ಟಿದ್ರೆ ಅವಾಗ್ಲೇ ಸುತ್ತಮುತ್ತ ನೋಡಿರ್ತಿದ್ದೆ, ದೊಡ್ಡಪ್ಪ. ನಾನು ಹೊದಿಸಿದ್ರೆ ಇವತ್ತು ಮಳೆ ಬರ್ತಿರ್ಲಿಲ್ವಾ?”

“ಮಳೆ ಯಾವನ ಗುಂಡಿ ನೋಡ್ಕಂಡು ಬರ್ತೈತೋ?” ಎಂದರು ದೊಡ್ಡಪ್ಪ, ಮುಖದ ನೀರು ಒರೆಸಿಕೊಳ್ಳುತ್ತ. “ಬರ್ದೇ ಹೋಗಿದ್ರೆ? ಹಟ್ಟಿಯೋರೆಲ್ಲ ನಿನ್ನ ಹೊದಿಕೆ ಮ್ಯಾಲೆ ಹಾಕಿರೋರು. ಇವ್ನೇ ಮಳೆ ಓಡಿಸ್ದ ಅಂದಿರೋರು. ಆಮ್ಯಾಕೆ ನಿನ್ನ ಹೆಂಡ್ತಿ ಕೊಡ ತಗಂಡು ಆ ಬಾವಿಗೆ ಹೆಂಗ್ ಹೋಗ್ತಿದ್ಲು? ನಿಮ್ಮಪ್ಪ ಇಲ್ಲ. ನೀನು ನೆಟ್ಟ ಗೂಟ ಎಲ್ರೂ ನೋಡವ್ರೆ. ದಿನಾ ಮೋಡ ನೋಡಿ ನಂಗೆ ಅದೇ ದಿಗಿಲು.”

ಅವರು ಮಳೆ ಬರಲಿ ಎಂದು ಅಂಗಳದಲ್ಲಿ ನಿಲ್ಲುತ್ತಾರೆಂದು ನಾನು ತಿಳಿದಿದ್ದೆ. ನನಗಾಗಿ ಹೆದರಿ ನಿಲ್ಲುತ್ತಿದ್ದರು. ಇಷ್ಟು ದಿನ ಒಬ್ಬನೇ ಹೆದರಿದ್ದೆನೆಂದು ಜಂಬ ಪಟ್ಟಿದ್ದಕ್ಕೆ ನಾಚಿಕೆಯಾಯಿತು. ಎದ್ದು ಅವರ ಕಾಲು ಮುಟ್ಟೋಣವೆಂದು ಸ್ವಲ್ಪ ಏಳಲು ಹೋದೆ.

ದೊಡ್ಡಪ್ಪ ನನ್ನ ಹೆಗಲು ಹಿಡಿದು ಕೆಳಕ್ಕೆ ಅದುಮಿದರು.

“ಏಳ್ಬ್ಯಾಡ ಕಣಲೇ. ಎದ್ರೆ ನೀರು ನುಗ್ತೈತೆ.”