ತೊಲೆಯ ಮೇಲಿನ ಟೀ ಲೋಟ

ಅಡ್ಡಗಾಲು ಮೇಸ್ತ್ರಿಯ ಟೀ ಲೋಟದ ಮಹಿಮೆ ಅಷ್ಟಿಷ್ಟಲ್ಲ. ಅಂಚು ಮುಕ್ಕಾದ, ತಳದಲ್ಲಿ ಕಂದು ಕಲೆ ಕಟ್ಟಿದ ಗಾಜಿನ ಲೋಟ ಅದು. ಯಾವ ಮರದ ಮೇಲೆ ಅದನ್ನಿಟ್ಟು ಅವನು ಕೆಲಸಕ್ಕೆ ಕೈಹಚ್ಚುತ್ತಾನೋ ಆ ಮರ ಆನೆ ಹತ್ತಿದರೂ ಅಲುಗದು. ಟೀ ತುಳುಕಿತೋ, ದೇವರೇ ಬಂದು ಮೊಳೆ ಹೊಡೆದರೂ ಅದು ನಿಲ್ಲದು. ಟೀ ಆರುವಷ್ಟರಲ್ಲಿ ಮರ ತನ್ನ ಗುಟ್ಟನ್ನೆಲ್ಲ ಲೋಟದ ಕಿವಿಗೆ ಹಾಕಿರುತ್ತದೆ ಎಂದು ಬೈಕಿನವರು ಕಣ್ಣರಳಿಸಿ ಹೇಳುತ್ತಿದ್ದರು. ಲೋಟಕ್ಕೆ ಕಿವಿಯೆಲ್ಲಿ ಎಂದು ಯಾರೂ ಕೇಳಲಿಲ್ಲ.

ಕಾಲು ನೆಲಕ್ಕೆ ತಾಗಿಸದೆ ದಿಮ್ಮಿ, ಡ್ರಮ್ಮು, ಟೈರುಗುಡ್ಡೆಗಳ ಮೇಲೆ ಮೋಟಾರ್ ಸೈಕಲ್ ಹತ್ತಿಸಿ ಇಳಿಸುವ ಆಟವೊಂದಿದೆಯಲ್ಲ, ಅದರ ತೊಡಕುಗಳನ್ನೆಲ್ಲ ಕಟ್ಟುವುದೇ ಮೇಸ್ತ್ರಿಯ ಕಸುಬು. ತಾನು ಮಾತ್ರ ಇಳಿಜಾರು ಕಂಡರೆ ಸೈಕಲ್ಲನ್ನೂ ತಳ್ಳಿಕೊಂಡು ಹೋಗುವ ಶೂರ.

“ಲೋಕದಲ್ಲಿ ಎಲ್ಲರೂ ದಾರಿ ಸರಿ ಮಾಡ್ತಾರೆ. ನಮ್ಮಣ್ಣ ಇರೋ ದಾರೀನೂ ಕೆಡಿಸ್ತಾನೆ, ನನ್ನ ಮಗಳು ಅದರ ಮೇಲೆ ಕುಣೀತಾಳೆ” ಎಂದು ತಂಗಿ ಗೊಣಗುತ್ತಿದ್ದಳು.

ಆ ಮಗಳಿಗೆ ಅಂದು ಮೊದಲ ಪ್ರದರ್ಶನ. ಬೈಕ್ ಷೋರೂಮಿನ ಅಂಗಳದಲ್ಲಿ ಇನ್ನೂರು ಜನ ನೆರೆದಿದ್ದರು. ಕೇಬಲ್ ಸುತ್ತುವ ಮರದ ದೊಡ್ಡ ಗಾಲಿಗೆ ಓರೆಯಾಗಿ ಒರಗಿಸಿದ, ಗೇಣಗಲದ ತೊಲೆಯನ್ನು ಹತ್ತುವುದೇ ಕೊನೆಯ ಘಟ್ಟ. ಚಕ್ರ ಜಾರಿದರೆ ಕೆಳಗೆ ಬರೀ ಸಿಮೆಂಟು. ಅವಳಿಗಿದ್ದ ಧೈರ್ಯ ಒಂದೇ: ನಿನ್ನೆ ಅದೇ ತೊಲೆಯ ಮೇಲೆ ಮಾವನ ಲೋಟ ಅಲುಗದೆ ನಿಂತಿತ್ತು.

ಆದರೆ ಷೋರೂಮಿನ ಮ್ಯಾನೇಜರ್ ಮಹಾಶಯ ಅಂದಚೆಂದದ ಆರಾಧಕ. ಒರಟು ಮರ ಫೋಟೋಗೆ ಒಪ್ಪುವುದಿಲ್ಲವೆಂದು ಬೆಳಗ್ಗೆಯೇ ತೊಲೆಯನ್ನು ನುಣ್ಣಗೆ ಉಜ್ಜಿಸಿ, ವಾರ್ನಿಷ್ ಬಳಿಸಿ, ಕನ್ನಡಿ ಮಾಡಿಟ್ಟಿದ್ದ.

ಮೇಸ್ತ್ರಿ ಬಂದ, ಅಭ್ಯಾಸದಂತೆ ಲೋಟ ಇಟ್ಟ. ಲೋಟ ಸರ್ರನೆ ಜಾರಿ, ಮ್ಯಾನೇಜರನ ಬಿಳಿ ಬೂಟಿಗೆ ಅಭಿಷೇಕ ಮಾಡಿ ಚೂರುಚೂರಾಯಿತು.

ತಂಗಿಯ ಮಗಳು ಬೈಕಿನ ಎಂಜಿನ್ ಆರಿಸಿಬಿಟ್ಟಳು. ಮೇಸ್ತ್ರಿ ತೊಲೆಯ ಮೇಲೊಮ್ಮೆ ಅಂಗೈ ಸವರಿದ. ಚೀಲದಿಂದ ಮರ ಕೆತ್ತುವ ಬಾಚಿ ತೆಗೆದು ತೊಲೆಯುದ್ದಕ್ಕೂ ಕಚಕಚನೆ ಕಚ್ಚು ಹಾಕತೊಡಗಿದ.

“ಏನ್ರೀ ಇದು, ತಲೆ ಕೆಟ್ಟಿದ್ಯಾ? ಅತಿಥಿಗಳು ಕೂತಿದ್ದಾರೆ! ಎಷ್ಟು ಚೆನ್ನಾಗಿತ್ತು!”

“ಚೆನ್ನಾಗೇ ಇತ್ತು ಸಾರ್. ನೀವೊಂದ್ಸಲ ನಡ್ಕೊಂಡು ಹತ್ತಿ ತೋರಿಸಿ, ಹಾಗೇ ಬಿಟ್ಬಿಡ್ತೀನಿ.”

ಮ್ಯಾನೇಜರ್ ತಟ್ಟನೆ ಬೂಟು ಒರೆಸಿಕೊಳ್ಳುವ ತುರ್ತು ನೆನಪಾಗಿ ಒಳಗೆ ನಡೆದ.

ಅರ್ಧ ಗಂಟೆಯಲ್ಲಿ ತೊಲೆ ಇಲಿ ಕಡಿದ ಬಾಗಿಲಿನಂತಾಯಿತು. “ಹೂಂ, ಈಗ ಹತ್ತು” ಎಂದ ಮೇಸ್ತ್ರಿ. ಅವಳು ಹತ್ತಿದಳು. ಹಿಂದಿನ ಚಕ್ರ ಒಂದೊಂದೇ ಕಚ್ಚನ್ನು ಕಚ್ಚಿ ಹಿಡಿಯುತ್ತ ಮೇಲೇರಿತು. ಗಾಲಿಯ ನೆತ್ತಿಯ ಮೇಲೆ, ಕಾಲೂರದೆ, ಬೈಕು ನಿಂತೇಬಿಟ್ಟಿತು. ಚಪ್ಪಾಳೆ ಕೇಳಿದ್ದೇ ತಡ ಮ್ಯಾನೇಜರ್ ಹೊರಗೆ ಬಂದು ಫೋಟೋಗೆ ನಿಂತ.

ಅವಳು ಕೆಳಗಿಳಿದು ಓಡಿ ಬಂದು ಮೇಸ್ತ್ರಿಯ ಕೈ ಹಿಡಿದುಕೊಂಡಳು. “ಮಾವ, ಇವತ್ತು ನಿನ್ನ ಲೋಟ ನನ್ನ ಜೀವ ಉಳಿಸ್ತು. ಯಾವಾಗ್ಲೂ ಮರದ ಮೇಲೇ ಇಡ್ತೀಯಲ್ಲ, ಅದರ ಗುಟ್ಟೇನು? ಈಗಲಾದ್ರೂ ಹೇಳು.”

ಬೈಕಿನವರೆಲ್ಲ ಉಸಿರು ಬಿಗಿಹಿಡಿದರು. ಒಬ್ಬ ಫೋನು ಚಾಚಿದ.

ಮೇಸ್ತ್ರಿ ಗಾಜಿನ ಚೂರುಗಳನ್ನು ನೋಡಿ ಲೊಚಗುಟ್ಟಿದ.

“ಕೆಳಗಿಟ್ರೆ ಟೀಗೆ ಮರದ ಹೊಟ್ಟು ಬೀಳುತ್ತಲ್ಲೇ.”