ಕಾಫಿ ಅಂಗಡಿಯ ಗುಲಾಬಿ

ಹಾಸನದ ಪುಷ್ಪ ಪ್ರದರ್ಶನಕ್ಕೆ ಹೊರಟಿದ್ದೆ. ಮಳೆಗಾಲ ಮುಗಿದಾಗಿನಿಂದ ಗಿಡ ಸವರಿ, ಗೊಬ್ಬರ ಹಾಕಿ, ಹುಳ ಆರಿಸಿ ಬೆಳೆಸಿದ ಒಂದೇ ಒಂದು ಗುಲಾಬಿಯನ್ನು ಉದ್ದ ಕಡ್ಡಿಯ ಸಮೇತ ನೀರಿನ ಸೀಸೆಯಲ್ಲಿಟ್ಟು, ತೊಡೆಯ ಮೇಲೆ ಹಿಡಿದು ಕೂತಿದ್ದೆ.

ಚನ್ನರಾಯಪಟ್ಟಣದಲ್ಲಿ ಬಸ್ಸು ನಿಂತಿತು. ಕಿಟಕಿಯಾಚೆ ಕಾಫಿ ಅಂಗಡಿ. ಅದರ ಮುಂದಿನ ತುಕ್ಕು ಹಿಡಿದ ಸೀಮೆಎಣ್ಣೆ ಡಬ್ಬದಲ್ಲಿ ಒಂದು ಗುಲಾಬಿ ಅರಳಿತ್ತು. ನನ್ನದಕ್ಕಿಂತ ದೊಡ್ಡದು, ಬಣ್ಣವೂ ಗಾಢ. ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

"ಪ್ರದರ್ಶನಕ್ಕೆ ಕಳಿಸ್ತೀರೇನಮ್ಮಾ?" ಎಂದು ಅಂಗಡಿಯಾಕೆಯನ್ನು ಕೇಳಿದೆ.

"ಅದ್ಯಾಕ್ ಸಾಮಿ? ಇವತ್ತು ಸುಕ್ರವಾರ ಅಲ್ವಾ!"

ಹಾಗೆಂದವಳೇ ಹೂವನ್ನು ಕತ್ತಿನಲ್ಲೇ ಚಿವುಟಿ ಡ್ರೈವರಿಗೆ ಕೊಟ್ಟಳು. ಅವನು ಅದನ್ನು ತನ್ನೆದುರಿನ ದೇವರ ಪಟಕ್ಕೆ ಸಿಕ್ಕಿಸಿದ. ಸದ್ಯ, ನಾನು ಬದುಕಿದೆ! ಕಡ್ಡಿಯಿಲ್ಲದ ಹೂವನ್ನು ಪ್ರದರ್ಶನದಲ್ಲಿ ಯಾರೂ ಮೂಸಿ ನೋಡುವುದಿಲ್ಲ.

ಡ್ರೈವರ್ ನನ್ನ ಸೀಸೆಯತ್ತ ತಿರುಗಿದ. "ನಿಮ್ದು ಯಾವ್ ದ್ಯಾವ್ರಿಗೆ ಸಾ?"

"ಪ್ರೈಜಿಗೆ" ಎನ್ನಲು ನಾಚಿಕೆಯಾಯಿತು.

ಅಲ್ಲಿಂದ ಮುಂದೆ ರಸ್ತೆಯೆಲ್ಲ ಗುಂಡಿ. ಪಟದ ಮೇಲಿನ ಹೂವಿನ ಒಂದು ಎಸಳಾದರೂ ಉದುರಲಿ ಎಂದು ಕಣ್ಣು ಕೀಳದೆ ಕಾದೆ. ಹಾಸನ ಬಂತು. ಹಾಳಾದ್ದು, ಒಂದೂ ಉದುರಲಿಲ್ಲ.